ಕಪ್ಪು ಹಡಗಿನ ಕೆಲಸ: ಅರ್ಜಿಯಿಂದ ಬೋಯ್ ಡೆಕ್‌ವರೆಗೆ

ಅಮೆರಿಕದ ಕೋಸ್ಟ್ ಗಾರ್ಡ್‌ನಲ್ಲಿದ್ದೇನೆ ಅಂದ ತಕ್ಷಣ ಊರಿನವರಿಗೆ ನೆನಪಾಗುವುದು ಹೆಲಿಕಾಪ್ಟರ್, ಬಿರುಗಾಳಿ, ಹಗ್ಗ ಹಿಡಿದು ಇಳಿಯುವ ಮನುಷ್ಯ. ಅದೆಲ್ಲ ಇದೆ. ಆದರೆ ನನ್ನ ಪಾಲಿಗೆ ಬಂದದ್ದು ಅದಲ್ಲ. ನಾನಿದ್ದದ್ದು ಬೋಯ್ ಟೆಂಡರ್ ಹಡಗಿನಲ್ಲಿ. ಬಂದರಿನ ಬಾಯಲ್ಲಿ, ನದಿಯಲ್ಲಿ, ದಡದಿಂದ ಆಚೆ ಕಡಲಲ್ಲಿ ಹಡಗುಗಳಿಗೆ ದಾರಿ ತೋರಿಸಲು ತೇಲಿಬಿಟ್ಟ ಕೆಂಪು, ಹಸಿರು ಬೋಯ್‌ಗಳು ಇರುತ್ತವಲ್ಲ, ಅವನ್ನು ಎತ್ತಿ, ತೊಳೆದು, ಸರಪಳಿ ನೋಡಿ, ದೀಪ ಸರಿಮಾಡಿ, ಮತ್ತೆ ಅದೇ ಜಾಗದಲ್ಲಿ ಬಿಡುವುದು ಈ ಹಡಗಿನ ಕೆಲಸ.

ನನ್ನ ಮೊದಲ ಪೋಸ್ಟಿಂಗ್ ಈಗಷ್ಟೇ ಮುಗಿದಿದೆ. ನಡುವೆ ಅಮೆರಿಕದ ಪೌರತ್ವವೂ ಬಂತು, ಅದರ ಹಿಂದೆ ಒಂದಿಷ್ಟು ತಲೆನೋವೂ ಬಂತು. ಗ್ರೀನ್ ಕಾರ್ಡ್ ಇರುವ ಕನ್ನಡದ ಹುಡುಗ ಹುಡುಗಿಯರು ಆಗಾಗ ನನ್ನನ್ನು ಕೇಳುತ್ತಾರೆ, ಸೇರಬಹುದಾ, ಹೇಗಿರುತ್ತದೆ ಅಂತ. ಒಬ್ಬೊಬ್ಬರಿಗೆ ಹೇಳುವ ಬದಲು ಇಲ್ಲಿ ಬರೆದಿಡುತ್ತೇನೆ.

ನಾನು ಕುಂದಾಪುರದ ಕಡೆಯವಳು. ಪಿಯುಸಿವರೆಗೆ ಅಜ್ಜ ಅಜ್ಜಿಯ ಮನೆಯಲ್ಲಿ ಓದಿದೆ. ಆಮೇಲೆ ಅಪ್ಪನ ಗ್ರೀನ್ ಕಾರ್ಡ್ ಜೊತೆ ನನಗೂ ಬಂದು ನ್ಯೂಜೆರ್ಸಿ ಸೇರಿದೆ. ಗಂಗೊಳ್ಳಿಯ ಅಳಿವೆಯಲ್ಲಿ ಬೋಟುಗಳು ಒಳಗೆ ಬರುವುದನ್ನು ನೋಡುತ್ತಾ ಬೆಳೆದವಳಿಗೆ ಕಡಲು ಹೊಸದಲ್ಲ. ಬೋಟ್ ಹತ್ತಿದ್ದು ಮಾತ್ರ ಇಲ್ಲ. ನಮ್ಮೂರಲ್ಲಿ ಹೆಂಗಸರು ಮೀನು ಮಾರುತ್ತಾರೆ, ಬೋಟಿಗೆ ಹೋಗುವುದಿಲ್ಲ.

ಮೊದಲು ಕಾಗದಪತ್ರ. ಸೇರಲು ಪೌರತ್ವ ಬೇಕಿಲ್ಲ, ಗ್ರೀನ್ ಕಾರ್ಡ್ ಸಾಕು. ಆದರೆ ಸೆಕ್ಯುರಿಟಿ ಕ್ಲಿಯರೆನ್ಸ್, ಅಂದರೆ ಗುಪ್ತ ಮಾಹಿತಿ ನೋಡುವ ಅನುಮತಿ ಬೇಕಾದ ಹುದ್ದೆಗಳು ಪೌರರಿಗೆ ಮಾತ್ರ. ರಿಕ್ರೂಟರ್ ಕೇಳಿದ ಪಟ್ಟಿ ಸಣ್ಣದೇ: ಗ್ರೀನ್ ಕಾರ್ಡ್, ಸೋಶಿಯಲ್ ಸೆಕ್ಯುರಿಟಿ ಕಾರ್ಡ್, ಜನನ ಪ್ರಮಾಣಪತ್ರ, ಓದಿನ ದಾಖಲೆ. ನನ್ನನ್ನು ಸತಾಯಿಸಿದ್ದು ಜನನ ಪ್ರಮಾಣಪತ್ರ. ಅದರಲ್ಲಿ ಅಪ್ಪನ ಹೆಸರಿದೆ, ಅಮ್ಮನ ಹೆಸರಿದೆ, ಹುಟ್ಟಿದ ತಾರೀಖಿದೆ, ನನ್ನ ಹೆಸರಿನ ಜಾಗ ಖಾಲಿ. ನಮ್ಮ ಕಡೆ ಇದು ಮಾಮೂಲಿ. ಆಸ್ಪತ್ರೆಯಿಂದ ವರದಿ ಹೋಗುವಾಗ ನಾಮಕರಣ ಆಗಿರುವುದಿಲ್ಲ, ಆಮೇಲೆ ಯಾರಿಗೂ ನೆನಪಾಗುವುದಿಲ್ಲ. ಹೆಸರು ಸೇರಿಸಲು ಊರಲ್ಲಿದ್ದ ಸೋದರಮಾವ ಅಫಿಡವಿಟ್ ಹಿಡಿದು ಒಂದು ಕಚೇರಿಗೆ ಎಷ್ಟು ಸಲ ಅಲೆದರೋ ಅವರಿಗೇ ಗೊತ್ತು. ಹೋದಾಗಲೆಲ್ಲ ‘ನಾಡಿದ್ದು ಬನ್ನಿ’.

ಎರಡನೆಯದು ಇನಿಶಿಯಲ್. ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಎರಡು ಅಕ್ಷರ, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು. ಇಬ್ಬರೂ ಒಬ್ಬಳೇ ಅಂತ ಇನ್ನೊಂದು ಅಫಿಡವಿಟ್. ಪಿಯುಸಿ ಇಲ್ಲಿನ ಹೈಸ್ಕೂಲಿಗೆ ಸಮ ಅಂತ ತೋರಿಸಲು ಖಾಸಗಿ ಸಂಸ್ಥೆಯೊಂದರಿಂದ ಮೌಲ್ಯಮಾಪನ ಮಾಡಿಸಬೇಕಾಯಿತು. ಸೇರುವುದಕ್ಕೆ ಅಂತ ನನ್ನ ಕೈಯಿಂದ ದೊಡ್ಡದಾಗಿ ಹೋದ ದುಡ್ಡು ಅದೊಂದೇ, ನೂರು ಡಾಲರ್ ದಾಟಿತು. ಅರ್ಜಿಗೆ ಶುಲ್ಕವಿಲ್ಲ. ಪರೀಕ್ಷೆ, ವೈದ್ಯಕೀಯ ತಪಾಸಣೆ, ಟ್ರೈನಿಂಗ್‌ಗೆ ಹೋಗುವ ಟಿಕೆಟ್ ಎಲ್ಲ ಅವರದ್ದೇ. ಯಾರಾದರೂ ಏಜೆಂಟ್ ದುಡ್ಡು ಕೇಳಿದರೆ ಎದ್ದು ಬನ್ನಿ.

ಹಿನ್ನೆಲೆ ತಪಾಸಣೆಯ ಫಾರಂ ಬಗ್ಗೆ ಒಂದು ಮಾತು. ಹತ್ತು ವರ್ಷಗಳಲ್ಲಿ ಎಲ್ಲೆಲ್ಲಿ ಇದ್ದಿರಿ, ಆ ವಿಳಾಸ, ಅಲ್ಲಿ ನಿಮ್ಮನ್ನು ಬಲ್ಲವರು, ವಿದೇಶದಲ್ಲಿರುವ ನೆಂಟರು, ಎಲ್ಲ ಬರೆಯಬೇಕು. ಅಜ್ಜನ ಮನೆಗೆ ಡೋರ್ ನಂಬರ್ ಇಲ್ಲ. ‘ದೇವಸ್ಥಾನದ ಹಿಂದೆ, ಅಂಚೆ ಇಂಥದ್ದು’ ಅಂತ ವಿಳಾಸ. ಅಂಥ ವಿಳಾಸವನ್ನು ಕಂಪ್ಯೂಟರ್ ಫಾರಂ ಒಪ್ಪುವ ಹಾಗೆ ಬರೆಯುವುದೇ ಒಂದು ಕಲೆ. ಹಾಸ್ಟೆಲ್, ಬಾಡಿಗೆ ರೂಮು, ಬೆಂಗಳೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿ ಇದ್ದ ತಿಂಗಳುಗಳು, ಎಲ್ಲದರ ತಾರೀಖನ್ನು ಈಗಲೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಪೌರತ್ವದ ಅರ್ಜಿಗೂ ಅದೇ ಹಾಳೆ ಬೇಕಾಗುತ್ತದೆ.

ವೈದ್ಯಕೀಯ ತಪಾಸಣೆ ಇಡೀ ದಿನದ್ದು. ಹಿಂದಿನ ರಾತ್ರಿ ಹೋಟೆಲಿನಲ್ಲಿ ಇರಿಸಿ, ನಸುಕಿಗೆ ಎಬ್ಬಿಸಿ ಕರೆದುಕೊಂಡು ಹೋಗುತ್ತಾರೆ. ರಕ್ತ, ಮೂತ್ರ, ಕಿವಿ, ಕಣ್ಣು, ಆಮೇಲೆ ಸಾಲಾಗಿ ನಿಲ್ಲಿಸಿ ಕುಕ್ಕರುಗಾಲಲ್ಲಿ ನಡೆಸುತ್ತಾರೆ. ಇದರಲ್ಲಿ ಜನ ಹಗುರವಾಗಿ ತೆಗೆದುಕೊಳ್ಳುವುದು ಬಣ್ಣದ ಪರೀಕ್ಷೆ. ಚುಕ್ಕಿಗಳ ಮಧ್ಯೆ ಅಂಕಿ ಗುರುತಿಸುವುದು. ಕೆಂಪು ಹಸಿರು ಗೊತ್ತಾಗದವರಿಗೆ ಡೆಕ್ಕಿನ ಮುಖ್ಯ ಹುದ್ದೆಯಾದ ಬೋಸನ್ಸ್ ಮೇಟ್ ಸಿಗುವುದಿಲ್ಲ. ಆ ಆಸೆ ಇದ್ದರೆ ಮೊದಲೇ ಕಣ್ಣಿನ ಡಾಕ್ಟರ ಹತ್ತಿರ ತೋರಿಸಿಕೊಳ್ಳಿ.

ಇನ್ನು ಒಪ್ಪಂದ. ಸಾಮಾನ್ಯವಾಗಿ ನಾಲ್ಕು ವರ್ಷ ಪೂರ್ತಿ ಸೇವೆ ಅನ್ನುತ್ತಾರೆ, ಆದರೆ ಒಟ್ಟು ಬಾಧ್ಯತೆ ಎಂಟು ವರ್ಷದ್ದು. ಉಳಿದದ್ದು ರಿಸರ್ವ್ ಲೆಕ್ಕ, ಅಂದರೆ ಬೇಕಾದರೆ ವಾಪಸ್ ಕರೆಯಬಹುದು. ಸಹಿ ಹಾಕುವ ಮುಂಚೆ ಆ ಪುಟ ಓದಿ. ಅಪ್ಪ ಓದಿದರು, ಒಂದು ರಾತ್ರಿ ಮಾತು ಬಿಟ್ಟರು, ಬೆಳಿಗ್ಗೆ ಕಾಫಿ ಕುಡಿಯುತ್ತಾ ‘ಆಯ್ತು, ಮಾಡು’ ಅಂದರು.

ಟ್ರೈನಿಂಗ್ ನ್ಯೂಜೆರ್ಸಿಯ ಕೇಪ್ ಮೇಯಲ್ಲಿ, ಎಂಟು ವಾರ. ಕೋಸ್ಟ್ ಗಾರ್ಡ್ ಸೇರುವ ಹೊಸ ನಾವಿಕರೆಲ್ಲ ಅಲ್ಲಿಂದಲೇ ಹೊರಬರಬೇಕು. ಕೂಗಾಟ, ಓಟ, ನಿದ್ದೆಗೇಡಿತನ, ಇದನ್ನೆಲ್ಲ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ನಮ್ಮವರಿಗೆ ಒಂದೇ ಸೂಚನೆ: ಈಜು ಕಲಿತು ಹೋಗಿ. ಮೇಲಿನಿಂದ ನೀರಿಗೆ ಹಾರಬೇಕು, 100 ಮೀಟರ್ ಈಜಬೇಕು, ಐದು ನಿಮಿಷ ಕಾಲೂರದೆ ತೇಲಬೇಕು. ನನಗೆ ಹೊಳೆಯಲ್ಲಿ ಈಜಿದ ಅಭ್ಯಾಸ ಕೈಹಿಡಿಯಿತು. ನನ್ನ ಜೊತೆಗಿದ್ದ ಇಬ್ಬರು ನಗರದ ಹುಡುಗರು ದಿನಾ ಬೆಳಗಿನ ಜಾವ ಹೆಚ್ಚುವರಿ ಈಜಿಗೆ ಹೋಗುತ್ತಿದ್ದರು.

ಕೊನೆಯ ವಾರಗಳಲ್ಲಿ ಪೋಸ್ಟಿಂಗ್ ಓದುತ್ತಾರೆ. ಬಿಳಿ ಹಡಗು ಸಿಕ್ಕವರು ಕುಣಿದಾಡಿದರು. ನನ್ನ ಹೆಸರಿನ ಮುಂದೆ ‘225 ಅಡಿ ಬೋಯ್ ಟೆಂಡರ್, ಆಸ್ಟೋರಿಯಾ, ಒರೆಗಾನ್’ ಅಂತ ಬಂತು. ಪಕ್ಕದವಳು ‘ಅಯ್ಯೋ ಪಾಪ’ ಅನ್ನುವ ಮುಖ ಮಾಡಿದಳು. ಕೋಸ್ಟ್ ಗಾರ್ಡ್‌ನಲ್ಲಿ ಬಣ್ಣ ನೋಡಿ ಹಡಗಿನ ಜಾತಿ ಹೇಳಬಹುದು. ಗಸ್ತು ಹಡಗುಗಳಿಗೆ ಬಿಳಿ, ದೊಡ್ಡ ಹಿಮ ಒಡೆಯುವ ಹಡಗುಗಳಿಗೆ ಕೆಂಪು, ಬೋಯ್ ಕೆಲಸದವಕ್ಕೆ ಕಪ್ಪು. ಬೋಯ್ ಉಜ್ಜಿ ಉಜ್ಜಿ ಪಕ್ಕೆಯೆಲ್ಲ ಗೀರು ಬೀಳುತ್ತದೆ, ಕಪ್ಪಾದರೆ ಕಾಣುವುದಿಲ್ಲ ಅಂತ ಹಡಗಿನ ಹಳಬರು ಹೇಳುತ್ತಾರೆ.

ನನ್ನದರಂಥ 225 ಅಡಿಯ ಹಡಗುಗಳು ಒಟ್ಟು 16. ವಿಸ್ಕಾನ್ಸಿನ್‌ನ ಮ್ಯಾರಿನೆಟ್‌ನಲ್ಲಿ ಕಟ್ಟಿದ್ದು, 1996ರಿಂದ 2004ರ ನಡುವೆ ಸೇವೆಗೆ ಬಂದವು. ಅವಕ್ಕಿಂತ ಮುಂಚೆ ಎರಡನೇ ಮಹಾಯುದ್ಧದ ಕಾಲದ 180 ಅಡಿಯ ಹಡಗುಗಳು ಇದೇ ಕೆಲಸ ಮಾಡುತ್ತಿದ್ದವು. ಹೆಸರುಗಳು ಹೆಚ್ಚಾಗಿ ಮರಗಿಡಗಳದ್ದು: ಜುನಿಪರ್, ವಿಲೋ, ಮೇಪಲ್, ಓಕ್, ವಾಲ್‌ನಟ್. ನಮ್ಮಲ್ಲಾಗಿದ್ದರೆ ಹೊನ್ನೆ, ಹಲಸು, ಬೋಗಿ ಅಂತ ಇಡುತ್ತಿದ್ದರೇನೋ. ಹಡಗಿನ ಮುಂಭಾಗದಲ್ಲಿ ನೀರಿಗೆ ಹತ್ತಿರವಾಗಿ ದೊಡ್ಡ ಅಂಗಳದಂಥ ಬೋಯ್ ಡೆಕ್. ಅದರ ಮೇಲೆ 40,000 ಪೌಂಡ್, ಅಂದರೆ ಸುಮಾರು 18,000 ಕಿಲೋ ಎತ್ತುವ ಕ್ರೇನ್. ಮುಂದೆ ಹಿಂದೆ ಪಕ್ಕಕ್ಕೆ ತಳ್ಳುವ ಥ್ರಸ್ಟರ್‌ಗಳಿವೆ, ಹಡಗನ್ನು ಒಂದೇ ಜಾಗದಲ್ಲಿ ಹಿಡಿದು ನಿಲ್ಲಿಸುವ ಕಂಪ್ಯೂಟರ್ ಇದೆ. ಜನ ಐವತ್ತರ ಆಸುಪಾಸು. ಹೆಂಗಸರಿಗೆ ಮಲಗಲು ಬೇರೆ ಕೋಣೆ. ಅದರ ಬಗ್ಗೆ ಅಮ್ಮನಿಗಿದ್ದ ಚಿಂತೆ ನಾನು ಫೋಟೊ ಕಳಿಸಿದ ಮೇಲೆ ಹೋಯಿತು.

ನಾನು ಹೋದಾಗ ಹಡಗು ರಿಪೇರಿಗೆ ನಿಂತಿತ್ತು. ಕಡಲಿಗೆ ಹೋಗುವ ಉತ್ಸಾಹದಲ್ಲಿ ಬಂದವಳ ಕೈಗೆ ನೀಡಲ್ ಗನ್ ಕೊಟ್ಟರು. ಗಾಳಿಯ ಒತ್ತಡದಲ್ಲಿ ಸೂಜಿಗಳು ಟಕಟಕ ಬಡಿದು ತುಕ್ಕು ಕೀಳುವ ಯಂತ್ರ ಅದು. ಇಡೀ ದಿನ ತುಕ್ಕು ಕೀಳು, ಪ್ರೈಮರ್ ಹಚ್ಚು, ಬಣ್ಣ ಬಳಿ. ಸಂಜೆಗೆ ಕೈ ತಾನಾಗಿ ನಡುಗುತ್ತಿತ್ತು, ಚಮಚದಲ್ಲಿ ಸಾರು ನಿಲ್ಲುತ್ತಿರಲಿಲ್ಲ. ಅದಾದ ಮೇಲೆ ಸರದಿ ಪ್ರಕಾರ ಅಡುಗೆಮನೆ: ಪಾತ್ರೆ ತೊಳೆ, ಕಸ ಹೊರು, ಅಧಿಕಾರಿಗಳ ಊಟದ ಮೇಜು ಒರೆಸು. ಹೊಸಬರೆಲ್ಲರಿಗೂ ಇದು ಇದ್ದದ್ದೇ, ಅವಮಾನ ಅಂದುಕೊಳ್ಳಬೇಡಿ.

ಅಮ್ಮ ಫೋನ್ ಮಾಡಿ ‘ಅಲ್ಲಿ ಊಟ ಎಂತ ಮಗಾ?’ ಅಂತ ಕೇಳುತ್ತಿದ್ದರು. ಅನ್ನ ವಾರದಲ್ಲಿ ಕೆಲವು ದಿನ ಸಿಗುತ್ತಿತ್ತು, ಕೋಳಿ, ಮೀನು, ಸಲಾಡ್ ಇದ್ದೇ ಇರುತ್ತಿತ್ತು. ದನದ ಮಾಂಸ ತಿನ್ನುವುದಿಲ್ಲ ಅಂತ ಅಡುಗೆಯವರಿಗೆ ಮೊದಲ ದಿನವೇ ಹೇಳಿದೆ. ಅವರು ತಲೆಯಾಡಿಸಿ, ನನಗೆ ಬೇರೆ ಏನಾದರೂ ಇಟ್ಟಿರುತ್ತಿದ್ದರು. ಶುದ್ಧ ಸಸ್ಯಾಹಾರಿಗಳಿಗೆ ಕಡಲಲ್ಲಿ ವಾರಗಟ್ಟಲೆ ಇರುವಾಗ ಕಷ್ಟ. ಹಸಿ ತರಕಾರಿ ಮೊದಲ ವಾರದಲ್ಲೇ ಮುಗಿಯುತ್ತದೆ. ಚಟ್ನಿಪುಡಿ, ಉಪ್ಪಿನಕಾಯಿ ಒಯ್ಯಿರಿ. ಡಬ್ಬದ ಮುಚ್ಚಳ ಮಾತ್ರ ಬಿಗಿಯಾಗಿರಲಿ, ಹಡಗು ಉರುಳುತ್ತದೆ.

ಉರುಳುವುದು ಅಂದರೆ ನಿಜಕ್ಕೂ ಉರುಳುತ್ತದೆ. ಆಸ್ಟೋರಿಯಾದಿಂದ ಕಡಲಿಗೆ ಹೋಗಲು ದಾಟಬೇಕಾದ ಕೊಲಂಬಿಯಾ ನದಿಯ ಅಳಿವೆಯನ್ನು ಇಲ್ಲಿನವರು ಪೆಸಿಫಿಕ್‌ನ ಸ್ಮಶಾನ ಅಂತಲೇ ಕರೆಯುತ್ತಾರೆ. ಅಷ್ಟು ಹಡಗುಗಳು ಅಲ್ಲಿ ಮುಳುಗಿವೆ. ಕಡಲಿನಿಂದ ದೊಡ್ಡ ಅಲೆ ಒಳಗೆ ಬರುವಾಗ ನದಿಯ ಇಳಿತದ ನೀರು ಎದುರು ನುಗ್ಗಿದರೆ ಅಲೆ ಗೋಡೆಯಾಗಿ ಎದ್ದು ಒಡೆಯುತ್ತದೆ. ಮೊದಲ ಸಲ ದಾಟುವಾಗ ನಾನು ಬಕೆಟ್ ಹಿಡಿದು ಕೂತಿದ್ದೆ. ಮಾತ್ರೆಯನ್ನು ಹೊರಡುವ ಮುಂಚೆಯೇ ನುಂಗಬೇಕು, ತಲೆ ಸುತ್ತಿದ ಮೇಲೆ ನುಂಗಿ ಪ್ರಯೋಜನವಿಲ್ಲ. ಖಾಲಿ ಹೊಟ್ಟೆಯಲ್ಲಿ ಇರಬೇಡಿ, ಒಣ ಬಿಸ್ಕೆಟ್ ತಿನ್ನಿ, ಶುಂಠಿ ಪೆಪ್ಪರ್‌ಮಿಂಟ್ ಜೇಬಿನಲ್ಲಿರಲಿ. ಕೆಳಗೆ ಹೋಗಿ ಮಲಗುವುದಕ್ಕಿಂತ ಹೊರಗೆ ನಿಂತು ದಿಗಂತ ನೋಡುವುದು ಮೇಲು.

ಇನ್ನು ಬೋಯ್ ಕೆಲಸ. ನೀರಿನ ಮೇಲೆ ಬೋಯ್ ಚಿಕ್ಕದಾಗಿ ಕಾಣುತ್ತದೆ. ಮೀನಿನ ಬಲೆಗೆ ಕಟ್ಟುವ ತೇಲುಗುಂಡಿನ ಅಣ್ಣ ಇರಬಹುದು ಅಂದುಕೊಂಡಿದ್ದೆ. ಡೆಕ್ಕಿಗೆ ಬಂದಾಗ ಗೊತ್ತಾಯಿತು. ಕಡಲಿನ ಬೋಯ್‌ಗಳಲ್ಲಿ ಸಾಮಾನ್ಯವಾದ ಒಂದು ಬಗೆ 8 ಅಡಿ ಅಗಲ, 26 ಅಡಿ ಉದ್ದ. ಅರ್ಧ ನೀರಿನ ಕೆಳಗೇ ಇರುತ್ತದೆ. ಅದಕ್ಕೆ ಸರಪಳಿ, ಸರಪಳಿಯ ತುದಿಗೆ ಸಮುದ್ರದ ತಳದಲ್ಲಿ ಕೂರುವ ಕಾಂಕ್ರೀಟ್ ಬ್ಲಾಕ್. ಆ ಬ್ಲಾಕನ್ನು ಸಿಂಕರ್ ಅನ್ನುತ್ತಾರೆ, ಸಾವಿರಗಟ್ಟಲೆ ಪೌಂಡ್ ತೂಕ.

ಹಡಗು ನಿಧಾನವಾಗಿ ಬೋಯ್ ಪಕ್ಕಕ್ಕೆ ಬರುತ್ತದೆ. ಹಡಗು ನಡೆಸುವ ಕೋಣೆಗೆ ಬ್ರಿಡ್ಜ್ ಅನ್ನುತ್ತಾರೆ. ಅದರ ಪಕ್ಕಕ್ಕೆ ಚಾಚಿದ ರೆಕ್ಕೆಯಲ್ಲಿ ನಿಂತ ಅಧಿಕಾರಿ ಅಡಿ ಅಡಿಯಾಗಿ ತರುತ್ತಾರೆ. ಡೆಕ್ಕಿನಲ್ಲಿ ನಾವು ಹೆಲ್ಮೆಟ್, ಲೈಫ್ ಜಾಕೆಟ್, ಕಬ್ಬಿಣದ ಮೂತಿಯ ಬೂಟು ಹಾಕಿ ಕಾಯುತ್ತೇವೆ. ಮಾತಾಡುವಂತಿಲ್ಲ. ಡೆಕ್ ಸೂಪರ್‌ವೈಸರ್ ಆದ ಚೀಫ್ ಕೈಸನ್ನೆ ಮಾಡಬೇಕು, ಕ್ರೇನಿನವನು ಆ ಸನ್ನೆ ಒಂದನ್ನೇ ನೋಡಬೇಕು. ಬೋಯ್ ಮೇಲಿರುವ ಕಬ್ಬಿಣದ ಬಳೆಗೆ ಕ್ರೇನಿನ ಕೊಕ್ಕೆ ಸಿಕ್ಕಿಸುವುದು ಮೊದಲ ಕೆಲಸ. ಬೋಯ್ ಕುಣಿಯುತ್ತಿರುತ್ತದೆ, ಹಡಗು ಕುಣಿಯುತ್ತಿರುತ್ತದೆ, ಎರಡರ ತಾಳ ಬೇರೆ. ಸಿಕ್ಕಿತು ಅಂದರೆ ಕ್ರೇನ್ ಎತ್ತುತ್ತದೆ. ಎಂಟು ಅಡಿ ಅಗಲದ ಕಬ್ಬಿಣ ನೀರು ಸುರಿಸುತ್ತಾ ತಲೆಯ ಎತ್ತರಕ್ಕೆ ಬರುತ್ತದೆ, ನಾಲ್ಕು ಜನ ಹಗ್ಗ ಹಿಡಿದು ಅದು ತೂಗಾಡದಂತೆ ಎಳೆದು ನಿಲ್ಲಿಸಬೇಕು. ಡೆಕ್ಕಿಗೆ ಮಲಗಿಸಿ ಸರಪಳಿಯಿಂದ ಬಿಗಿದ ಮೇಲೆಯೇ ಎಲ್ಲರೂ ಉಸಿರು ಬಿಡುವುದು.

ಆಮೇಲೆ ವಾಸನೆ. ಬೋಯ್ ಹೊಟ್ಟೆಯ ತುಂಬ ಕಪ್ಪು ಚಿಪ್ಪು, ಬಾರ್ನಕಲ್, ಪಾಚಿ, ಒಳಗೆ ಸಣ್ಣ ಏಡಿಗಳು. ಮೇಲ್ಭಾಗದಲ್ಲಿ ಹಕ್ಕಿ ಹಿಕ್ಕೆ. ಆಸ್ಟೋರಿಯಾ ಕಡೆ ಇನ್ನೊಂದು ಉಪದ್ರವ, ಕಡಲಸಿಂಹಗಳು. ಬೋಯ್ ಮೇಲೆ ಹತ್ತಿ ಬಿಸಿಲು ಕಾಯಿಸುತ್ತಾ ಮಲಗಿರುತ್ತವೆ. 1972ರ ಕಾನೂನಿನ ರಕ್ಷಣೆ ಇದೆ ಅವಕ್ಕೆ, ನಾವು ಬೇಕಾದ ಹಾಗೆ ಓಡಿಸುವಂತಿಲ್ಲ. ಹಡಗು ಹತ್ತಿರ ಬಂದಾಗ ಒಂದೊಂದಾಗಿ ಬೈದುಕೊಂಡು ನೀರಿಗಿಳಿಯುತ್ತವೆ. ಬಿಟ್ಟುಹೋದದ್ದನ್ನು ನಾವು ತೊಳೆಯಬೇಕು. ಮೀನು ಒಣಗಿಸುವ ಊರಿನಲ್ಲಿ ಬೆಳೆದ ನನಗೇ ಹೊಟ್ಟೆ ತೊಳೆಸಿತು. ಉದ್ದ ಹಿಡಿಯ ಸಲಿಕೆಯಲ್ಲಿ ಕೆರೆದು, ಜೋರು ನೀರಿನಲ್ಲಿ ತೊಳೆದು, ಕೆರೆದದ್ದನ್ನು ಬೇಗ ಆಚೆ ತಳ್ಳದಿದ್ದರೆ ಬಿಸಿಲಿಗೆ ಅರ್ಧ ಗಂಟೆಯಲ್ಲಿ ನಾರುತ್ತದೆ.

ನನಗೆ ತುಂಬ ಇಷ್ಟವಾದದ್ದು ಸರಪಳಿ ಅಳೆಯುವ ಕೆಲಸ. 90 ಅಡಿಗೆ ಒಂದು ಶಾಟ್ ಅನ್ನುತ್ತಾರೆ. ಡೆಕ್ಕಿನ ಅಂಚಿನಲ್ಲಿ ಸ್ಟಾಪರ್ ಇದೆ, ಅದರಲ್ಲಿ ಸರಪಳಿ ಕಚ್ಚಿಸಿ ಸ್ವಲ್ಪ ಸ್ವಲ್ಪ ಮೇಲಕ್ಕೆ ಎಳೆಯುತ್ತಾರೆ. ನಾವು ಕ್ಯಾಲಿಪರ್ ಹಿಡಿದು ಕೊಂಡಿಗಳ ದಪ್ಪ ನೋಡುತ್ತಾ ಹೋಗಬೇಕು. ಬೋಯ್‌ಗೆ ಹತ್ತಿರದ ಕೊಂಡಿಗಳು ಚೆನ್ನಾಗಿಯೇ ಇರುತ್ತವೆ. ತಳದ ಮರಳಿಗೆ ತಾಗಿ ಎದ್ದು ಬಿದ್ದು ಉಜ್ಜುವ ಭಾಗ ಇದೆಯಲ್ಲ, ಅಲ್ಲಿನ ಕೊಂಡಿ ಹಳೆ ಉಯ್ಯಾಲೆಯ ಕೊಂಡಿಯ ಹಾಗೆ ಒಂದೇ ಕಡೆ ಸವೆದು ತೆಳ್ಳಗಾಗಿರುತ್ತದೆ. ಮಿತಿಗಿಂತ ತೆಳುವಾದರೆ ಆ ಭಾಗ ಕತ್ತರಿಸಿ ಹೊಸದು ಜೋಡಿಸುವುದು. ಜೋಡಿಸುವ ಶ್ಯಾಕಲ್‌ನ ಪಿನ್ನನ್ನು ಗ್ಯಾಸ್ ಟಾರ್ಚಿನಲ್ಲಿ ಕೆಂಪಗೆ ಕಾಯಿಸಿ, ಇಬ್ಬರು ಎದುರು ಬದುರು ನಿಂತು ದೊಡ್ಡ ಸುತ್ತಿಗೆಯಿಂದ ಸರದಿಯಲ್ಲಿ ಬಡಿಯುತ್ತಾರೆ. ತುದಿ ಅಣಬೆಯಾಗಿ ಚಪ್ಪಟೆಯಾದರೆ ಪಿನ್ ಮತ್ತೆ ಈಚೆ ಬರುವುದಿಲ್ಲ. ಇದಕ್ಕೆ ಬಲಕ್ಕಿಂತ ಗುರಿ ಬೇಕು. ಎತ್ತರದ ಹುಡುಗರು ಬೇಗ ಸುಸ್ತಾಗುತ್ತಿದ್ದರು. ನನ್ನ ಜೊತೆ ಬಡಿಯುತ್ತಿದ್ದ ಟೆಕ್ಸಸ್‌ನ ಕುಳ್ಳ ಹುಡುಗಿ ಒಂದು ಏಟನ್ನೂ ತಪ್ಪಿಸುತ್ತಿರಲಿಲ್ಲ.

ಬೋಯ್ ಮತ್ತೆ ಬಿಡುವಾಗ ಎದೆ ಹೊಡೆದುಕೊಳ್ಳುತ್ತದೆ. ಸಿಂಕರನ್ನು ಹಡಗಿನ ಪಕ್ಕಕ್ಕೆ ನೇತುಹಾಕಿ ಸ್ಟಾಪರಿನಲ್ಲಿ ಹಿಡಿಸಿರುತ್ತಾರೆ. ಸರಪಳಿಯನ್ನು ಡೆಕ್ಕಿನ ಮೇಲೆ ಸಾಲು ಸಾಲಾಗಿ ಮಡಿಸಿ ಹಾಸಿರುತ್ತಾರೆ. ಬೋಯ್ ನೀರಿಗಿಳಿದಿರುತ್ತದೆ. ಹಡಗು ಸರಿಯಾದ ಜಾಗಕ್ಕೆ ಬಂತು ಅಂತ ಬ್ರಿಡ್ಜ್ ಹೇಳಿದ ಕೂಡಲೇ ಒಬ್ಬ ಸುತ್ತಿಗೆಯಲ್ಲಿ ಸ್ಟಾಪರ್ ಬಿಡಿಸುತ್ತಾನೆ. ಸಿಂಕರ್ ಬಿದ್ದಂತೆ ಇಡೀ ಸರಪಳಿ ಗಡಗಡ ಓಡುತ್ತದೆ. ಡೆಕ್ ನಡುಗುತ್ತದೆ, ತುಕ್ಕಿನ ಕೆಂಪು ಧೂಳು ಏಳುತ್ತದೆ, ಬಾಯಲ್ಲಿ ಕಬ್ಬಿಣದ ರುಚಿ. ಕೆಲವೇ ಕ್ಷಣ, ಮುಗಿಯಿತು. ಆ ಕ್ಷಣದಲ್ಲಿ ಸರಪಳಿಯ ಮಡಿಕೆಯೊಳಗೆ ಯಾರ ಕಾಲಾದರೂ ಇದ್ದರೆ ಅವರನ್ನೂ ಒಯ್ಯುತ್ತದೆ. ಅದಕ್ಕೇ ಹೊಸಬರಿಗೆ ಮೊದಲು ಕಲಿಸುವುದು ಎಲ್ಲಿ ನಿಲ್ಲಬಾರದು ಅನ್ನುವುದನ್ನು. ಎತ್ತಿದ ಭಾರದ ಕೆಳಗೆ ಇಲ್ಲ, ಬಿಗಿಯಾದ ಸರಪಳಿಯ ಮೇಲಿಂದ ದಾಟುವುದಿಲ್ಲ, ಹಗ್ಗದ ಸುರುಳಿಯೊಳಗೆ ಇಲ್ಲ. ಚೀಫ್ ದಿನಾ ಹೇಳುತ್ತಿದ್ದರು, ದಿನಾ ಬೇಜಾರಾಗುತ್ತಿತ್ತು, ದಿನಾ ಕೇಳುತ್ತಿದ್ದೆವು.

ಊರಿನವರಿಗೆ ವಿಚಿತ್ರ ಅನಿಸುವ ವಿಷಯ ಒಂದಿದೆ. ಭಾರತದಲ್ಲಿ ಕಡಲಿನಿಂದ ಬಂದರಿಗೆ ಬರುವಾಗ ಕೆಂಪು ಬೋಯ್ ಎಡಕ್ಕೆ, ಹಸಿರು ಬಲಕ್ಕೆ. ಅಮೆರಿಕದಲ್ಲಿ ತಿರುಗಾಮುರುಗ, ಕೆಂಪು ಬಲಕ್ಕೆ. ಜಗತ್ತಿನ ಕಡಲುಗಳನ್ನು ಈ ವಿಷಯದಲ್ಲಿ ಎ ಮತ್ತು ಬಿ ಎಂದು ಎರಡು ವಲಯ ಮಾಡಿದ್ದಾರೆ. ಉತ್ತರ, ದಕ್ಷಿಣ ಅಮೆರಿಕ, ಜಪಾನ್, ಕೊರಿಯಾ, ಫಿಲಿಪೀನ್ಸ್ ಬಿ ವಲಯ. ಭಾರತ, ಯುರೋಪ್, ಆಫ್ರಿಕಾ ಎಲ್ಲ ಎ. ಬೋಟ್ ನಡೆಸುವ ನಮ್ಮ ನೆರೆಮನೆಯ ತಂಡೇಲರಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಅವರು ನಂಬಲೇ ಇಲ್ಲ. ‘ಹಾಗಾದ್ರೆ ಅವ್ರ ಬೋಟೆಲ್ಲ ಬಂಡೆಗೆ ಹೊಡಿಬೇಕಿತ್ತಲ್ಲ’ ಅಂದರು. ಇನ್ನೊಂದು ವ್ಯತ್ಯಾಸವೂ ಇದೆ. ಭಾರತದಲ್ಲಿ ದೀಪಸ್ತಂಭ, ಬೋಯ್‌ಗಳ ಕೆಲಸ ಕೋಸ್ಟ್ ಗಾರ್ಡ್‌ನದ್ದಲ್ಲ, ದೀಪಸ್ತಂಭಗಳ ನಿರ್ದೇಶನಾಲಯದ್ದು ಮತ್ತು ಬಂದರುಗಳದ್ದು. ಅಮೆರಿಕದಲ್ಲೂ ಮೊದಲು ಬೇರೆ ಇಲಾಖೆಯೇ ಇತ್ತು. 1939ರಲ್ಲಿ ಅದನ್ನು ಕೋಸ್ಟ್ ಗಾರ್ಡ್‌ಗೆ ಸೇರಿಸಿದರು. ಹಾಗಾಗಿ ಕಾಪು ದೀಪಸ್ತಂಭ ನೋಡಿ ಬೆಳೆದು ಈ ಕೆಲಸ ಮಾಡುವ ಆಸೆ ಇರುವವರು ಊರಿನಲ್ಲಿ ಕೋಸ್ಟ್ ಗಾರ್ಡ್ ಬಾಗಿಲು ತಟ್ಟಿ ಪ್ರಯೋಜನವಿಲ್ಲ.

ಡೆಕ್ಕಿನಲ್ಲಿ ಸ್ವತಂತ್ರವಾಗಿ ಕೆಲಸ ಮಾಡಲು ಅರ್ಹತೆ ಪಡೆಯಬೇಕು. ಒಂದು ಪುಸ್ತಕ ಕೊಡುತ್ತಾರೆ. ಪ್ರತಿಯೊಂದು ಕೆಲಸ ಮಾಡಿ ತೋರಿಸಿ, ಅರ್ಹತೆ ಇರುವವರಿಂದ ಸಹಿ ಹಾಕಿಸಿಕೊಳ್ಳಬೇಕು. ಬಂದರಿನಲ್ಲಿ ಕಾವಲು, ಕಡಲಲ್ಲಿ ಲುಕ್‌ಔಟ್, ಚುಕ್ಕಾಣಿ, ಬೆಂಕಿ ಆರಿಸುವುದು, ನೀರು ನುಗ್ಗಿದರೆ ತಡೆಯುವುದು, ಆಮೇಲೆ ಬೋಯ್ ಡೆಕ್. ಕೊನೆಗೆ ಮೂರು ನಾಲ್ಕು ಜನ ಕೂತು ಪ್ರಶ್ನೆ ಕೇಳುತ್ತಾರೆ. ಸಹಿ ಹಾಕಿಸುವುದು ಸುಲಭ ಅಂದುಕೊಳ್ಳಬೇಡಿ. ಸಹಿ ಹಾಕುವವರು ಪಾಳಿ ಮುಗಿಸಿ ಮಲಗಿರುತ್ತಾರೆ, ಇಲ್ಲವೇ ರಜೆಯಲ್ಲಿರುತ್ತಾರೆ. ನಾನು ಕಂಡುಕೊಂಡ ಉಪಾಯ ಇಷ್ಟೇ: ರಾತ್ರಿ ಪಾಳಿಯಲ್ಲಿ ಯಾರಿಗೂ ಕೆಲಸ ಜಾಸ್ತಿ ಇರುವುದಿಲ್ಲ, ಕಾಫಿ ಮಾಡಿಕೊಂಡು ಪುಸ್ತಕ ಹಿಡಿದು ಹೋಗಿ.

ದುಡ್ಡಿನ ವಿಷಯ. ಮದುವೆಯಾಗದ ಕೆಳಹಂತದ ನಾವಿಕಳಾದ ನಾನು ಹಡಗಿನಲ್ಲೇ ಇರಬೇಕಿತ್ತು, ಮನೆ ಬಾಡಿಗೆ ಭತ್ಯೆ ಸಿಗುತ್ತಿರಲಿಲ್ಲ. ಬಂದರಿನಲ್ಲಿದ್ದಾಗಲೂ ನಿಮ್ಮ ಮನೆ ಅಂದರೆ ಒಂದು ಮಂಚ, ಅದರ ಕೆಳಗಿನ ಪೆಟ್ಟಿಗೆ. ಮೂವರು ಸೇರಿ ಊರಿನಲ್ಲಿ ಬಾಡಿಗೆ ಮನೆ ಹಿಡಿದೆವು, ಅದು ನಮ್ಮ ಕೈಯಿಂದಲೇ. ಸಮವಸ್ತ್ರ ಕೊಡುತ್ತಾರೆ. ಆದರೆ ಒಳಗೆ ಹಾಕುವ ಉಣ್ಣೆಯ ಬಟ್ಟೆ, ತಲೆಗೆ ಕಟ್ಟುವ ಟಾರ್ಚ್, ಒಳ್ಳೆಯ ಸಾಕ್ಸ್ ನೀವೇ ಕೊಳ್ಳುವುದು ವಾಸಿ. ಆಸ್ಟೋರಿಯಾದ ಮಳೆ ನಮ್ಮ ಆಷಾಢದ ಮಳೆಯಂತೆ ಹೊಡೆಯುವುದಿಲ್ಲ, ಆದರೆ ಚಳಿಗಾಲ ಪೂರ್ತಿ ನಿಲ್ಲುವುದೂ ಇಲ್ಲ.

ಈಗ ಪೌರತ್ವ. ಸಾಮಾನ್ಯ ಗ್ರೀನ್ ಕಾರ್ಡ್‌ದಾರರು ಐದು ವರ್ಷ ಕಾಯಬೇಕು. ಸೇವೆಯಲ್ಲಿರುವವರಿಗೆ ಬೇಗ ದಾರಿಯಿದೆ. ಪೌರತ್ವ ಕೇಳುವ ಎನ್-400 ಅರ್ಜಿಯ ಜೊತೆ ಎನ್-426 ಅನ್ನುವ ಫಾರಂ ಇರಬೇಕು. ನಿಮ್ಮ ಸೇವೆ ಗೌರವಯುತವಾಗಿದೆ ಅಂತ ಮೇಲಿನವರು ಅದರಲ್ಲಿ ಸಹಿ ಹಾಕುತ್ತಾರೆ. 2024ರ ಏಪ್ರಿಲ್‌ನಿಂದ ಬೇರೆಯವರಿಗೆ ಎನ್-400 ಶುಲ್ಕ ಕಾಗದದಲ್ಲಾದರೆ 760 ಡಾಲರ್, ಆನ್‌ಲೈನ್‌ನಲ್ಲಾದರೆ 710. ಸೇವೆಯಲ್ಲಿರುವವರಿಗೆ ಶುಲ್ಕವೇ ಇಲ್ಲ. ಒಂದು ಎಚ್ಚರಿಕೆ ಇದೆ. ಐದು ವರ್ಷದ ಸೇವೆ ತುಂಬುವ ಮುಂಚೆ ಕೆಟ್ಟ ಹೆಸರಿನಲ್ಲಿ ಹೊರಹಾಕಿಸಿಕೊಂಡರೆ ಹೀಗೆ ಬಂದ ಪೌರತ್ವವನ್ನು ವಾಪಸ್ ಪಡೆಯಬಹುದು.

ನನ್ನ ಕಷ್ಟ ಬೇರೆ ಥರದ್ದು. ಸಂದರ್ಶನದ ಪತ್ರ ಬಂದಾಗ ಹಡಗು ಕಡಲಲ್ಲಿತ್ತು. ಚಳಿಗಾಲದ ಬಿರುಗಾಳಿಗೆ ಒಂದು ಬೋಯ್ ಕಿತ್ತುಕೊಂಡು ಹೋಗಿತ್ತು, ಅದನ್ನು ಸರಿಮಾಡಲು ಹೋದವರು ಅಳಿವೆ ಶಾಂತವಾಗುವುದನ್ನು ಕಾಯುತ್ತಾ ಹೊರಗೇ ಉಳಿದೆವು. ಪತ್ರ ಬಾಡಿಗೆ ಮನೆಯ ಡಬ್ಬದಲ್ಲಿ ಬಿದ್ದಿತ್ತು. ಗೆಳತಿ ಫೋಟೊ ತೆಗೆದು ಕಳಿಸಿದಳು, ಆದರೆ ಸಿಗ್ನಲ್ ಬಂದು ನಾನು ನೋಡುವಷ್ಟರಲ್ಲಿ ತಾರೀಖು ದಾಟಿತ್ತು. ಹಡಗಿನ ಕಚೇರಿಯಲ್ಲಿ ಪತ್ರ ಬರೆಸಿ, ಹೊಸ ತಾರೀಖು ಸಿಗುವಷ್ಟರಲ್ಲಿ ಮಳೆಗಾಲವೇ ಮುಗಿದಿತ್ತು. ಅರ್ಜಿ ಹಾಕಿದ ದಿನವೇ ಆನ್‌ಲೈನ್ ಖಾತೆ ತೆರೆಯಿರಿ, ಮತ್ತು ಪೋಸ್ಟ್ ನೋಡುವ ನಂಬಿಕಸ್ಥರೊಬ್ಬರು ದಡದಲ್ಲಿರಲಿ. ಸಂದರ್ಶನದಲ್ಲಿ ಅಮೆರಿಕದ ಇತಿಹಾಸ, ಸರ್ಕಾರದ ಬಗ್ಗೆ ಬಾಯಿಮಾತಿನ ಪರೀಕ್ಷೆ ಇರುತ್ತದೆ. ನನಗೆ ಕೇಳಿದ್ದು 100 ಪ್ರಶ್ನೆಗಳ ಹಳೆಯ ಪಟ್ಟಿಯಿಂದ. 2025ರ ಅಕ್ಟೋಬರ್ 20ರಿಂದ ಅರ್ಜಿ ಹಾಕುವವರಿಗೆ 128 ಪ್ರಶ್ನೆಗಳ ಹೊಸ ಪಟ್ಟಿ. 20 ಕೇಳುತ್ತಾರೆ, 12 ಸರಿಯಾಗಬೇಕು.

ಪ್ರಮಾಣವಚನದ ದಿನ ಅಪ್ಪ ಅಮ್ಮ ನ್ಯೂಜೆರ್ಸಿಯಿಂದ ಪೋರ್ಟ್‌ಲ್ಯಾಂಡಿಗೆ ಬಂದಿದ್ದರು. ಅಮ್ಮ ರೇಷ್ಮೆ ಸೀರೆ ಉಟ್ಟಿದ್ದರು, ನಾನು ಸಮವಸ್ತ್ರದಲ್ಲಿದ್ದೆ. ಖುಷಿಯಾಯಿತು, ಹೊಟ್ಟೆಯೊಳಗೆ ಏನೋ ಕಲಸಿದ ಹಾಗೂ ಆಯಿತು. ಭಾರತದ ಕಾನೂನಿನಲ್ಲಿ ಎರಡು ಪೌರತ್ವ ಇಲ್ಲ. ಆ ಕ್ಷಣಕ್ಕೆ ನನ್ನ ಭಾರತೀಯ ಪೌರತ್ವ ಹೋಯಿತು. ಪಾಸ್‌ಪೋರ್ಟ್ ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್ ತೆಗೆದುಕೊಳ್ಳಬೇಕು. ಹಳೆಯ ಪಾಸ್‌ಪೋರ್ಟ್ ಇನ್ನೂ ಅವಧಿಯಲ್ಲಿದೆ ಅಂತ ಅದರಲ್ಲಿ ಪ್ರಯಾಣ ಮಾಡಿದರೆ ದಂಡ ಬೀಳುತ್ತದೆ.

ಈಗ ಯಾರೂ ಹೇಳದ ವಿಷಯ. ಇಡೀ ಬರಹದಲ್ಲಿ ಒಂದನ್ನೇ ಓದುವುದಾದರೆ ಇದನ್ನು ಓದಿ. ಎಲ್ಲರೂ ‘ಓಸಿಐ ಮಾಡಿಸಿದರಾಯ್ತು, ಊರಿಗೆ ಹೋಗಿ ಬರ್ತಾ ಇರಬಹುದು’ ಅನ್ನುತ್ತಾರೆ. ಓಸಿಐ ಅಂದರೆ ಭಾರತ ಮೂಲದ ವಿದೇಶಿ ಪೌರರಿಗೆ ಭಾರತ ಕೊಡುವ ಕಾಯಂ ವೀಸಾದಂಥ ಕಾರ್ಡ್. ಅಪ್ಪ ಅಮ್ಮ ಮುಂದೆ ಅಮೆರಿಕದ ಪೌರರಾದರೆ ಅವರಿಗೆ ಅದು ಸಿಗುತ್ತದೆ. ನನಗೆ ಸಿಗುವುದಿಲ್ಲ. ವಿದೇಶಿ ಸೇನೆಯಲ್ಲಿರುವವರಿಗೆ ಮಾತ್ರ ಅಲ್ಲ, ಸೇವೆ ಮುಗಿಸಿ ನಿವೃತ್ತರಾದವರಿಗೂ ಓಸಿಐ ಇಲ್ಲ ಅಂತ ಭಾರತದ ನಿಯಮ ಹೇಳುತ್ತದೆ. ನಾವು ಬಂದೂಕು ಹಿಡಿದಿಲ್ಲ, ಬೋಯ್ ತೊಳೆದದ್ದು ಅಂತ ವಾದ ಮಾಡಿ ಫಲವಿಲ್ಲ. ಕೋಸ್ಟ್ ಗಾರ್ಡ್ ಅಮೆರಿಕದ ಕಾನೂನಿನಲ್ಲಿ ಸಶಸ್ತ್ರ ಪಡೆಗಳ ಒಂದು ಅಂಗ. ರಿಕ್ರೂಟರಿಗೆ ಇದು ಗೊತ್ತಿರಬೇಕಾಗಿಲ್ಲ, ಅದು ಅವರ ದೇಶದ ನಿಯಮ ಅಲ್ಲ. ಗೊತ್ತಿದ್ದರೆ ನಾನು ಸೇರುತ್ತಿರಲಿಲ್ಲ ಅಂತ ಹೇಳುವುದಿಲ್ಲ. ಆದರೆ ಅಜ್ಜಿಗೆ ಮೊದಲೇ ಹೇಳಿರುತ್ತಿದ್ದೆ. ಊರಲ್ಲಿ ಗದ್ದೆ, ತೋಟ, ಪಾಲು ಅಂತ ಇರುವವರು ಸಹಿ ಹಾಕುವ ಮುಂಚೆ ಮನೆಯವರನ್ನು ಕೂರಿಸಿ ಮಾತಾಡಿ. ವಕೀಲರ ಹತ್ತಿರವೂ ಕೇಳಿ.

ನಾನೀಗ ವರ್ಜೀನಿಯಾದ ಯಾರ್ಕ್‌ಟೌನ್‌ನಲ್ಲಿ ನಡೆಯುವ ಬೋಸನ್ಸ್ ಮೇಟ್ ಕೋರ್ಸಿಗೆ ಕಾಯುತ್ತಿದ್ದೇನೆ. ಅದಕ್ಕೂ ಮುಂಚೆ ಊರಿಗೆ ಹೋಗಿ ಬರಲು ಮಾಮೂಲಿ ವೀಸಾಕ್ಕೆ ಅರ್ಜಿ ಹಾಕಿದ್ದೇನೆ. ಆ ಫಾರಂನಲ್ಲೂ ಸೇನೆ, ಪೊಲೀಸ್, ಭದ್ರತಾ ಸಂಸ್ಥೆಯಲ್ಲಿ ಇದ್ದೀರಾ ಅಂತ ಕೇಳುತ್ತಾರೆ. ಹೌದು ಅಂದರೆ ಹುದ್ದೆ, ರ್‍ಯಾಂಕ್, ಕೆಲಸ ಮಾಡಿದ ಜಾಗ ಬರೆಯಬೇಕು. ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಇತ್ತ ವಿದೇಶಕ್ಕೆ ಹೋಗಲು ನಮ್ಮ ಮೇಲಿನವರ ಅನುಮತಿಯೂ ಬೇಕು. ರಜೆ ಮಂಜೂರಾದ ತಾರೀಖು ಒಂದು, ವೀಸಾ ಕೈಗೆ ಬರುವ ತಾರೀಖು ಇನ್ನೊಂದು. ಎರಡೂ ಕೂಡಿಬರುವವರೆಗೆ ಟಿಕೆಟ್ ತೆಗೆಯಬೇಡಿ. ತೆಗೆಯಲೇಬೇಕಾದರೆ ದುಡ್ಡು ವಾಪಸ್ ಕೊಡುವಂಥದ್ದನ್ನು ತೆಗೆಯಿರಿ. ನನ್ನ ವೀಸಾ ಇನ್ನೂ ಬಂದಿಲ್ಲ. ಬಂದಾಗ ಎಷ್ಟು ದಿನ ಹಿಡಿಯಿತು, ಏನೇನು ಹೆಚ್ಚುವರಿ ಕಾಗದ ಕೇಳಿದರು ಅನ್ನುವುದನ್ನು ಬೇರೆಯಾಗಿ ಬರೆಯುತ್ತೇನೆ.